ನೋಡಿ ಬಂದರೆ ತಪ್ಪೇನು?



ಪ್ರಯಾಣಕ್ಕೆ ಅರಬಿ ಭಾಷೆಯಲ್ಲಿ ‘ಸಫರ್’ ಎನ್ನುತ್ತಾರೆ. ಆ ಪದದ ಮೂಲದಲ್ಲಿ ‘ತೆರೆದು ತೋರಿಸುವುದು’ ಎಂಬ ಅರ್ಥವೂ ಇದೆ. ಪ್ರಯಾಣವು ಮನುಷ್ಯನ ನಿಜವಾದ ಸ್ವಭಾವವನ್ನು ತೆರೆದು ತೋರಿಸುತ್ತದೆಂದು ಹಿರಿಯ ವಿದ್ವಾಂಸರು ಇದರಿಂದ ಅರ್ಥೈಸಿರುವರು. ಊರಿನಲ್ಲಿ ನಮ್ಮನ್ನು ಕಾಯುವ ಕಣ್ಣುಗಳು ಹಲವು. ತಂದೆ ತಾಯಿ ಇದ್ದಾರೆ, ನೆರೆಹೊರೆ ಇದೆ, ಮೊಹಲ್ಲಾದ ಹಿರಿಯರಿದ್ದಾರೆ, ದಿನಕ್ಕೆ ಐದು ಬಾರಿ ಕರೆಯುವ ಅಝಾನ್ ಇದೆ. ಪರದೇಶದಲ್ಲಿ ಇವೊಂದೂ ಇಲ್ಲದಾಗ ಉಳಿಯುವುದು ಅಲ್ಲಾಹನ ಭಯ ಮಾತ್ರ. ಅದು ನಮ್ಮಲ್ಲಿ ಎಷ್ಟಿದೆಯೆಂಬುದು ಅಲ್ಲಿಯೇ ತಿಳಿಯುತ್ತದೆ.

ಇಂದು ಬೆಂಗಳೂರು, ಮಂಗಳೂರುಗಳಿಂದ ನಮ್ಮ ಅನೇಕ ಯುವಕರು ಉದ್ಯೋಗಕ್ಕಾಗಿ, ಉನ್ನತ ಶಿಕ್ಷಣಕ್ಕಾಗಿ ಜರ್ಮನಿಗೆ ಹೋಗುತ್ತಿರುವರು. ಅಂತಹ ಒಂದು ಎಳೆಯ ದಂಪತಿಯನ್ನು ಕಲ್ಪಿಸಿಕೊಳ್ಳಿರಿ. ಅವರಿಗೆ ಸೆಪ್ಟೆಂಬರ್ ಕೊನೆಯಲ್ಲಿ ಮೂರು ದಿನ ರಜೆ ಸಿಕ್ಕಿದೆ. ಮ್ಯೂನಿಕ್ ನಗರವನ್ನು ನೋಡಲು ಹೊರಟಿದ್ದಾರೆ. ಸಹೋದ್ಯೋಗಿಗಳು ಹೇಳುತ್ತಾರೆ: “ಈ ಕಾಲದಲ್ಲಿ ಮ್ಯೂನಿಕ್‌ಗೆ ಹೋಗಿ ಆಕ್ಟೋಬರ್‌ಫೆಸ್ಟ್ ನೋಡದೆ ಬರುವುದುಂಟೇ?” ಗಂಡ ಹೆಂಡತಿ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. “ನಾವೇನು ಕುಡಿಯುತ್ತೇವೆಯೇ? ಒಂದು ಸುತ್ತು ನೋಡಿ ಬಂದರೆ ತಪ್ಪೇನು?” ಎಂಬ ಮಾತು ಇಬ್ಬರಲ್ಲಿ ಒಬ್ಬರ ಬಾಯಿಂದ ಬರುತ್ತದೆ.

ಈ ಪ್ರಶ್ನೆಯನ್ನು ಗದರಿಸಿ ಬಾಯಿ ಮುಚ್ಚಿಸುವುದು ಸುಲಭ. ಆದರೆ ಅದನ್ನು ಕೇಳುವವರಲ್ಲಿ ಹೆಚ್ಚಿನವರು ನಮಾಝ್, ಉಪವಾಸಗಳನ್ನು ಪಾಲಿಸುವ ಒಳ್ಳೆಯ ಮಕ್ಕಳು. ಆದುದರಿಂದ ಸಮಾಧಾನದಿಂದ ವಿಚಾರ ಮಾಡೋಣ.

ಮೊದಲು ಆ ಉತ್ಸವವೇನೆಂದು ತಿಳಿಯೋಣ. 1810ರ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲುಡ್ವಿಗ್ ಮತ್ತು ರಾಜಕುಮಾರಿ ಥೆರೇಸಾರ ವಿವಾಹವಾಯಿತು. ಆ ಸಂಭ್ರಮದ ಅಂಗವಾಗಿ ಊರ ಹೊರಗಿನ ಬಯಲಿನಲ್ಲಿ ಕುದುರೆ ಓಟ ನಡೆಯಿತು. ಆ ಬಯಲಿಗೆ ಇಂದಿಗೂ ರಾಣಿಯ ಹೆಸರೇ ಇದೆ. ಗಮನಿಸಿರಿ, ಇದರ ಆರಂಭ ಒಂದು ಮದುವೆ ಮತ್ತು ಕುದುರೆಗಳ ಸ್ಪರ್ಧೆಯಿಂದ. ಕಾಲ ಕಳೆದಂತೆ ಕುದುರೆಗಳು ಹೋದವು, ಬಿಯರ್ ಉಳಿಯಿತು. ಈಗ ನಗರದ ಮೇಯರ್ ಮೊದಲ ಶನಿವಾರ ಮಧ್ಯಾಹ್ನ 12 ಗಂಟೆಗೆ ಪೀಪಾಯಿಗೆ ನಲ್ಲಿ ಬಡಿದು ಬಿಯರ್ ಹರಿಸುವುದರೊಂದಿಗೇ ಉತ್ಸವ ಆರಂಭವಾಗುತ್ತದೆ. ಮ್ಯೂನಿಕ್‌ನ ಆರು ಬಿಯರ್ ತಯಾರಕರಿಗೆ ಮಾತ್ರ ಅಲ್ಲಿ ಬಿಯರ್ ಪೂರೈಸುವ ಅವಕಾಶ. ಒಂದೊಂದು ಗಾಜಿನ ಮಗ್‌ನಲ್ಲಿ ಒಂದು ಲೀಟರ್ ಹಿಡಿಯುತ್ತದೆ. ದೊಡ್ಡ ಡೇರೆಗಳಲ್ಲಿ ಸಾವಿರಾರು ಜನ ಒಟ್ಟಿಗೆ ಕುಳಿತುಕೊಳ್ಳುತ್ತಾರೆ. 2023ರಲ್ಲಿ 18 ದಿನಗಳಲ್ಲಿ ಸುಮಾರು 72 ಲಕ್ಷ ಜನ ಅಲ್ಲಿಗೆ ಬಂದರೆಂದು ಲೆಕ್ಕ. 2025ರ ಸೆಪ್ಟೆಂಬರ್ 27ರ ಶನಿವಾರ ಜನದಟ್ಟಣೆ ಮಿತಿಮೀರಿ ಮೈದಾನದ ಪ್ರವೇಶವನ್ನೇ ಸ್ವಲ್ಪ ಹೊತ್ತು ಮುಚ್ಚಬೇಕಾಯಿತು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಅಲ್ಲಿ ಮಕ್ಕಳ ತಿರುಗುವ ತೊಟ್ಟಿಲುಗಳಿವೆ, ಸಿಹಿತಿಂಡಿಯ ಅಂಗಡಿಗಳಿವೆ. ಅಜ್ಜ ಅಜ್ಜಿಯರು ಮೊಮ್ಮಕ್ಕಳ ಕೈಹಿಡಿದು ಬರುತ್ತಾರೆ. ಬಂದವರೆಲ್ಲರೂ ಕುಡಿದು ಬೀಳುವವರಲ್ಲ. ಆದರೆ ಕುಡಿದು ಬಿದ್ದವರನ್ನು ಎತ್ತಿಕೊಂಡು ಹೋಗಲು ಅಲ್ಲಿ ವೈದ್ಯಕೀಯ ತಂಡ ಸದಾ ಸಿದ್ಧವಾಗಿರಬೇಕಾಗುತ್ತದೆ. ಹಾಗೆ ಬಿದ್ದವರಿಗೆ ಆ ಭಾಷೆಯಲ್ಲಿ ‘ಬಿಯರ್ ಶವಗಳು’ ಎಂಬ ಹೆಸರೇ ಇದೆ. ಉತ್ಸವದಲ್ಲಿ ಕಿರುಕುಳಕ್ಕೊಳಗಾಗುವ ಮಹಿಳೆಯರಿಗೂ ಹೆಣ್ಣುಮಕ್ಕಳಿಗೂ ಆಶ್ರಯ ನೀಡುವ ಕೇಂದ್ರವೊಂದು 2003ರಿಂದ ಅದೇ ಮೈದಾನದಲ್ಲಿ ಕೆಲಸ ಮಾಡುತ್ತಿದೆ. ಇದನ್ನು ಸ್ಥಾಪಿಸಿದವರು ಮುಸ್ಲಿಮರಲ್ಲ, ಅದೇ ನಗರದ ಮಹಿಳೆಯರು. ಯಾವ ಮೋಜಿನ ಪಕ್ಕದಲ್ಲಿ ಇಂತಹ ಆಶ್ರಯವನ್ನು ತೆರೆದಿಡಬೇಕಾಗುವುದೋ ಆ ಮೋಜಿನ ಒಳಗೇನಿದೆಯೆಂದು ಹೇಳಬೇಕಾಗಿಲ್ಲ.

ಈಗ ಪವಿತ್ರ ಕುರ್‌ಆನಿನ ಕಡೆಗೆ ಬನ್ನಿರಿ. ಮದ್ಯದ ನಿಷೇಧವು ಹಂತ ಹಂತವಾಗಿ ಬಂತು. ಅದರಲ್ಲಿ ಸ್ವಲ್ಪ ಪ್ರಯೋಜನವಿದ್ದರೂ ಪಾಪವೇ ಹೆಚ್ಚೆಂದು ಮೊದಲು ತಿಳಿಸಲಾಯಿತು. ಅನಂತರ, ಅಮಲಿನ ಸ್ಥಿತಿಯಲ್ಲಿ ನಮಾಝನ್ನು ಸಮೀಪಿಸಬಾರದೆಂಬ ಆಜ್ಞೆ ಬಂತು. ಕೊನೆಗೆ ಅಲ್ ಮಾಇದಃ ಅಧ್ಯಾಯದ 90 ಮತ್ತು 91ನೇ ಸೂಕ್ತಗಳಲ್ಲಿ ಮದ್ಯ, ಜೂಜುಗಳನ್ನು ಶೈತಾನನ ಹೊಲಸು ಕೃತ್ಯಗಳೆಂದು ಸಾರಲಾಯಿತು. ಇವುಗಳ ಮೂಲಕ ಅವನು ಜನರ ನಡುವೆ ದ್ವೇಷವನ್ನು ಬಿತ್ತಲು, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯಲು ಬಯಸುತ್ತಾನೆಂದು ಎಚ್ಚರಿಸಲಾಯಿತು.

ಆ ಸೂಕ್ತದಲ್ಲಿ ಅಲ್ಲಾಹನು ಆರಿಸಿದ ಪದವನ್ನು ಗಮನಿಸಿರಿ. ‘ಕುಡಿಯಬೇಡಿರಿ’ ಎಂದು ಮಾತ್ರ ಹೇಳಿ ಬಿಡಲಿಲ್ಲ. ‘ಇಜ್ತನಿಬೂ’ ಎಂಬ ಪದ ಅಲ್ಲಿದೆ. ಅದರಿಂದ ಪಕ್ಕಕ್ಕೆ ಸರಿಯಿರಿ, ಅಂತರ ಕಾಯ್ದುಕೊಳ್ಳಿರಿ ಎಂಬುದೇ ಅದರ ಆಶಯ. ಗಂಟಲಿಗೆ ಮಾತ್ರವಲ್ಲ, ಕಾಲಿಗೂ ಈ ಆಜ್ಞೆ ಅನ್ವಯಿಸುತ್ತದೆ. ‘ನಾವು ಕುಡಿಯುವುದಿಲ್ಲ’ ಎಂದವರು ಆಜ್ಞೆಯ ಅರ್ಧ ಭಾಗವನ್ನು ಪಾಲಿಸಿದರು. ಉಳಿದರ್ಧವನ್ನು ಏನು ಮಾಡಿದರು?

ಪ್ರವಾದಿವರ್ಯರು(ಸ) ಇದನ್ನು ಇನ್ನಷ್ಟು ಸ್ಪಷ್ಟಪಡಿಸಿರುವರು. ಅಲ್ಲಾಹನಲ್ಲಿಯೂ ಅಂತ್ಯದಿನದಲ್ಲಿಯೂ ವಿಶ್ವಾಸವಿಟ್ಟವನು ಮದ್ಯ ಹಂಚಲಾಗುವ ಊಟದ ಹರವಿನಲ್ಲಿ ಕುಳಿತುಕೊಳ್ಳಬಾರದೆಂದು ಅವರು ಬೋಧಿಸಿದುದು ತಿರ್ಮಿದಿಯ ಹದೀಸ್ ಸಂಗ್ರಹದಲ್ಲಿದೆ. ಇಲ್ಲಿ ಕುಡಿಯುವ ಮಾತಿಲ್ಲ, ಕೂರುವ ಮಾತಿದೆ. ಮ್ಯೂನಿಕ್‌ನ ಡೇರೆಯೊಳಗೆ ಸಾಮಾನ್ಯವಾಗಿ ಕುಳಿತವರಿಗಷ್ಟೇ ಆಹಾರ, ಪಾನೀಯಗಳನ್ನು ತಂದುಕೊಡುತ್ತಾರೆ. ಉದ್ದನೆಯ ಮೇಜು, ಉದ್ದನೆಯ ಬೆಂಚು. ಅಪರಿಚಿತರ ಮೊಣಕೈಗೆ ಮೊಣಕೈ ತಾಗಿಸಿ ಕೂರಬೇಕು. ಸಂಜೆಯಾಗುತ್ತಲೇ ಜನ ಬೆಂಚುಗಳ ಮೇಲೆ ನಿಂತು ಹಾಡುತ್ತಾ ಮಗ್‌ಗಳನ್ನು ಎತ್ತುತ್ತಾರೆ. ಪಕ್ಕದವನ ಮಗ್‌ನಿಂದ ನಿಮ್ಮ ಬಟ್ಟೆಗೆ ಚೆಲ್ಲಿದರೆ ಆ ಬಟ್ಟೆಯಲ್ಲಿ ನೀವು ನಮಾಝ್ ಮಾಡುವುದು ಹೇಗೆ? ಮದ್ಯವು ನಜಸ್ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಷ್ಟಕ್ಕೂ ಡೇರೆಗಳು ತುಂಬಿ ತುಳುಕುವುದು ಅಸ್ರ್ ಮತ್ತು ಮಗ್‌ರಿಬ್‌ನ ವೇಳೆಯಲ್ಲಿಯೇ.

ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್‌ರವರ ಒಂದು ಘಟನೆಯನ್ನು ಕುರ್‌ಆನ್ ವ್ಯಾಖ್ಯಾನಕಾರರು ಉದ್ಧರಿಸಿರುವರು. ಮದ್ಯಪಾನದಲ್ಲಿ ತೊಡಗಿದ್ದ ಕೆಲವರನ್ನು ಹಿಡಿದು ತರಲಾಯಿತು. ಅವರಲ್ಲೊಬ್ಬ ಉಪವಾಸವಿದ್ದನೆಂದು ತಿಳಿಸಲಾಯಿತು. ಅವನು ಒಂದು ಹನಿಯನ್ನೂ ಮುಟ್ಟಿರಲಿಲ್ಲ. ಆದರೂ ಖಲೀಫರು ಅವನನ್ನು ಬಿಡಲಿಲ್ಲ. ಅಲ್ಲಾಹನ ವಚನಗಳನ್ನು ನಿರಾಕರಿಸಿ ಅಪಹಾಸ್ಯ ಮಾಡುವವರೊಂದಿಗೆ ಅವರು ಬೇರೆ ಮಾತಿಗೆ ತೊಡಗುವ ತನಕ ಕುಳಿತುಕೊಳ್ಳಬಾರದು, ಕುಳಿತರೆ ನೀವೂ ಅವರಂತೆಯೇ ಎಂದು ಎಚ್ಚರಿಸುವ ಅನ್ನಿಸಾ ಅಧ್ಯಾಯದ 140ನೇ ಸೂಕ್ತವನ್ನು ಓದಿ ಅವನಿಗೂ ಶಿಕ್ಷೆ ವಿಧಿಸಿದರು. ಹೊಟ್ಟೆ ಉಪವಾಸವಿದ್ದರೆ ಸಾಲದು, ಕುಳಿತ ಜಾಗವೂ ಶುದ್ಧವಾಗಿರಬೇಕು.

ಮದೀನದ ಆ ದಿನವನ್ನೂ ನೆನಪಿಸಿಕೊಳ್ಳಿರಿ. ಹ. ಅಬೂ ತಲ್ಹಾ(ರ)ರ ಮನೆಯಲ್ಲಿ ಅತಿಥಿಗಳಿಗೆ ಖರ್ಜೂರದ ಮದ್ಯವನ್ನು ಹಂಚುತ್ತಿದ್ದವರು ಎಳೆಯ ಹ. ಅನಸ್(ರ). ಬೀದಿಯಲ್ಲಿ ಘೋಷಣೆಯ ಧ್ವನಿ ಕೇಳಿಸಿತು. ಮದ್ಯ ನಿಷಿದ್ಧವಾಗಿದೆಯೆಂದು ತಿಳಿದೊಡನೆ, ಎಲ್ಲವನ್ನೂ ಚೆಲ್ಲಿಬಿಡುವಂತೆ ಅಬೂ ತಲ್ಹಾ(ರ) ಹೇಳಿದರು. ‘ಈ ಲೋಟವೊಂದನ್ನು ಮುಗಿಸೋಣ’ ಎಂದು ಯಾರೂ ಅನ್ನಲಿಲ್ಲ. ಸುದ್ದಿ ನಿಜವೇ ಎಂದು ಮತ್ತೊಮ್ಮೆ ವಿಚಾರಿಸಲಿಲ್ಲ. ಮದೀನದ ಬೀದಿಗಳಲ್ಲಿ ಮದ್ಯ ಹರಿಯಿತು. ಆ ಜನರಿಗೆ ಮದ್ಯವು ತಲೆತಲಾಂತರದ ರೂಢಿಯಾಗಿತ್ತು, ಅವರ ಆತಿಥ್ಯದ ಭಾಗವಾಗಿತ್ತು. ಅವರು ಕೈಯಲ್ಲಿದ್ದುದನ್ನು ಚೆಲ್ಲಿದರು. ನಾವು ಎಂದೂ ಮುಟ್ಟದ ವಸ್ತುವನ್ನು ನೋಡುವುದಕ್ಕಾಗಿ ಟಿಕೆಟು ತೆಗೆದು, ರೈಲು ಹತ್ತಿ ಹೋಗಬೇಕೇ?

“ಭೂಮಿಯಲ್ಲಿ ಸಂಚರಿಸಿ ನೋಡಬೇಕೆಂದು ಕುರ್‌ಆನೇ ಹೇಳಿದೆಯಲ್ಲ” ಎಂದು ಕೆಲವರು ಕೇಳುವರು. ಹೌದು, ಹೇಳಿದೆ. ಅಲ್ಲಾಹನು ಸೃಷ್ಟಿಯನ್ನು ಹೇಗೆ ಆರಂಭಿಸಿದನೆಂದು ನೋಡಲು, ಗತಿಸಿದ ಜನಾಂಗಗಳ ಪರಿಣಾಮವನ್ನು ಕಂಡು ಪಾಠ ಕಲಿಯಲು ಹೇಳಿದೆ. ಮ್ಯೂನಿಕ್‌ನಿಂದ ಸ್ವಲ್ಪ ದೂರ ಹೋದರೆ ಆಲ್ಪ್ಸ್ ಪರ್ವತಗಳಿವೆ. ಇಸಾರ್ ನದಿಯ ನಡುಗಡ್ಡೆಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ಬೃಹತ್ ವಸ್ತುಸಂಗ್ರಹಾಲಯವಿದೆ. ಅದರ ಸ್ಥಾಪನೆಯಾದುದು 1903ರಲ್ಲಿ. ನಗರದ ಉತ್ತರಕ್ಕೆ ಫ್ರೈಮಾನ್‌ನಲ್ಲಿ 1973ರಲ್ಲಿ ತೆರೆದ ಮಸೀದಿಯಿದೆ. ಮೂರು ದಿನಗಳಲ್ಲಿ ಇವೆಲ್ಲವನ್ನೂ ನೋಡಿ ಮುಗಿಸುವುದೇ ಕಷ್ಟ. ಹಲಾಲ್‌ನ ವಿಶಾಲ ಬಯಲು ಮುಂದಿರುವಾಗ ಹರಾಮ್‌ನ ಬೇಲಿಯ ಬಳಿ ನಿಂತು ಇಣುಕುವುದೇಕೆ?

ಪ್ರೀತಿಯ ಸಹೋದರನೇ, ನಿನ್ನ ಪತ್ನಿ ನಿನ್ನನ್ನು ನಂಬಿ ಸಮುದ್ರ ದಾಟಿ ಬಂದವಳು. ಅವಳ ತಂದೆ ನಿಕಾಹ್‌ನ ದಿನ ಅವಳನ್ನು ನಿನಗೆ ಅಮಾನತ್ತಾಗಿ ಒಪ್ಪಿಸಿದರು. ಅಮಲೇರಿದ ಸಾವಿರಾರು ಗಂಡಸರ ಗುಂಪಿನೊಳಗೆ ಅವಳನ್ನು ಕರೆದೊಯ್ಯುವುದು ಆ ಅಮಾನತ್ತಿಗೆ ಒಪ್ಪುವುದೇ? ಪ್ರೀತಿಯ ಸಹೋದರಿಯೇ, ನಿನ್ನ ಪತಿ ಸ್ನೇಹಿತರ ಒತ್ತಾಯಕ್ಕೆ ಮಣಿದು ಹೊರಟು ನಿಂತಾಗ, “ರೀ, ಅದು ಬೇಡ, ಅಸ್ರ್ ಆಗುತ್ತಾ ಬಂತು, ಬೇರೆ ಕಡೆ ಹೋಗೋಣ” ಎಂದು ಮೆಲ್ಲನೆ ಹೇಳಲು ನಿನ್ನ ಹೊರತು ಅಲ್ಲಿ ಇನ್ನಾರಿದ್ದಾರೆ? ದಂಪತಿಗಳು ಪರಸ್ಪರರಿಗೆ ಉಡುಪು ಎಂದು ಕುರ್‌ಆನ್ ಬಣ್ಣಿಸಿದೆ. ಉಡುಪು ಮೈಯನ್ನು ಅಲಂಕರಿಸುವುದು ಮಾತ್ರವಲ್ಲ, ಚಳಿಯಿಂದಲೂ ಧೂಳಿನಿಂದಲೂ ಕಾಯುತ್ತದೆ. ಊರಿನ ಕಣ್ಣುಗಳಿಲ್ಲದ ಕಡೆ ನೀವಿಬ್ಬರೇ ಒಬ್ಬರಿಗೊಬ್ಬರು ಕಾವಲು. ಒಬ್ಬರು ಜಾರುವಾಗ ಇನ್ನೊಬ್ಬರೂ ಜಾರಿದರೆ ಎತ್ತುವವರಾರು?

ಇಂದು ‘ನೋಡುವುದಷ್ಟೇ’ ಎಂದು ಹೋದವರಿಗೆ ಮುಂದಿನ ವರ್ಷ ಅದು ಹೊಸದೆನಿಸುವುದಿಲ್ಲ. ಫೋಟೋ ಮನೆಗೆ ಬರುತ್ತದೆ. ತಂಗಿ ತಮ್ಮಂದಿರು ನೋಡುತ್ತಾರೆ. ನಾಳೆ ಮಕ್ಕಳೂ ನೋಡುತ್ತಾರೆ. “ಅಬ್ಬಾ, ಉಮ್ಮ ಹೋಗಿದ್ದರಲ್ಲ” ಎಂಬುದೇ ಅವರಿಗೆ ಆಧಾರವಾಗುತ್ತದೆ. ಅವರು ನೋಡಿ ಮಾತ್ರ ಬರುವರೆಂಬ ಖಾತರಿಯೇನು? ಶೈತಾನನಿಗೆ ಅವಸರವಿಲ್ಲ. ಒಂದು ತಲೆಮಾರಿನಲ್ಲಿ ಅಸಹ್ಯವನ್ನು ಅಳಿಸಿದರೆ ಮುಂದಿನ ತಲೆಮಾರಿನಲ್ಲಿ ಅವನ ಕೆಲಸ ಹಗುರವಾಗುತ್ತದೆ.

ಹಾಗೆಂದು ಆ ಜನರನ್ನು ಕೀಳಾಗಿ ಕಾಣಬೇಡಿರಿ. ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬ ವ್ಯಕ್ತಿಯನ್ನು ಯಾರೋ ಶಪಿಸಿದಾಗ ಪ್ರವಾದಿವರ್ಯರು(ಸ) ತಡೆದರು. ಅವನ ಹೃದಯದಲ್ಲಿ ಅಲ್ಲಾಹನ ಮತ್ತು ಸಂದೇಶವಾಹಕರ ಪ್ರೀತಿಯಿದೆಯೆಂದು ಸಾಕ್ಷ್ಯ ನುಡಿದರು. ಕುಡಿತವನ್ನು ದ್ವೇಷಿಸಬೇಕು, ಕುಡುಕನ ಬಗ್ಗೆ ಮರುಕವಿರಬೇಕು. ಕರೆದ ಸಹೋದ್ಯೋಗಿಗೆ ಮುಖ ಗಂಟಿಕ್ಕದೆ ಹೇಳಿರಿ: “ಕರೆದುದಕ್ಕೆ ಸಂತೋಷ. ಮದ್ಯವಿರುವಲ್ಲಿ ಕೂರಲು ನಮ್ಮ ಧರ್ಮದಲ್ಲಿ ಅನುಮತಿಯಿಲ್ಲ. ಒಂದು ದಿನ ನಮ್ಮ ಮನೆಗೆ ಊಟಕ್ಕೆ ಬನ್ನಿರಿ.” ಇಷ್ಟು ಸಾಕು. ಅವರು ಬಂದು ನಿಮ್ಮ ಬಿರಿಯಾನಿ ಉಂಡು ಹೋಗುವಾಗ ಇಸ್ಲಾಮಿನ ಬಗ್ಗೆ ಅವರಿಗೆ ದೊರೆಯುವ ಪರಿಚಯವು ನೀವು ಡೇರೆಯಲ್ಲಿ ನಿಂಬೆ ಪಾನಕ ಹಿಡಿದು ಕುಳಿತರೆ ದೊರೆಯಲಾರದು.

ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿತು. 2019ರಲ್ಲಿ ಮದ್ಯದಿಂದ ಜಗತ್ತಿನಲ್ಲಿ 26 ಲಕ್ಷ ಜನ ಮೃತಪಟ್ಟರೆಂದು ಅದೇ ಸಂಸ್ಥೆಯ ವರದಿ ಹೇಳುತ್ತದೆ. ಆದರೆ ಸತ್ಯವಿಶ್ವಾಸಿಯು ಈ ಅಂಕಿಗಳಿಗಾಗಿ ಕಾಯಬೇಕಾಗಿರಲಿಲ್ಲ. ಅವನಿಗೆ ತನ್ನ ಒಡೆಯನ ಮಾತು ಸಾಕಿತ್ತು.

ಕೊನೆಯದಾಗಿ ಒಂದು ಶುಭವಾರ್ತೆ. ಪ್ರಯಾಣಿಕನ ಪ್ರಾರ್ಥನೆಯು ಸ್ವೀಕೃತವಾಗುವ ಪ್ರಾರ್ಥನೆಗಳಲ್ಲೊಂದೆಂದು ಪ್ರವಾದಿವರ್ಯರು(ಸ) ಕಲಿಸಿರುವರು. ಮೂರು ದಿನಗಳ ಆ ಪ್ರವಾಸದಲ್ಲಿ ನಿಮ್ಮ ಕೈಯಲ್ಲಿ ಅಂತಹ ಅಮೂಲ್ಯ ಸಂಪತ್ತಿದೆ. ಕಿವಿಗಡಚಿಕ್ಕುವ ಡೇರೆಯಲ್ಲಿ ಅದನ್ನು ಕಳೆಯಬೇಡಿರಿ. ಒಂದು ಶಾಂತವಾದ ಮೂಲೆಯಲ್ಲಿ ಕಸ್ರ್ ನಮಾಝ್ ನಿರ್ವಹಿಸಿರಿ. ನಿಮ್ಮ ದಾಂಪತ್ಯಕ್ಕಾಗಿ, ಹುಟ್ಟಲಿರುವ ಮಕ್ಕಳಿಗಾಗಿ, ಊರಿನಲ್ಲಿ ದಾರಿ ಕಾಯುತ್ತಿರುವ ತಂದೆ ತಾಯಿಗಾಗಿ ಜೊತೆಯಾಗಿ ಕೈಯೆತ್ತಿರಿ.

ಅಲ್ಲಾಹನು ನಮ್ಮ ಪ್ರಯಾಣಗಳನ್ನು ಅವನ ಸ್ಮರಣೆಯಲ್ಲಿ ಸಾಗುವ ಪ್ರಯಾಣಗಳನ್ನಾಗಿ ಮಾಡಲಿ. ನಮ್ಮ ದಂಪತಿಗಳನ್ನು ಪರಸ್ಪರರ ಕಾವಲುಗಾರರನ್ನಾಗಿ ಮಾಡಲಿ. ಆಮೀನ್.