ಒಂದು ಕ್ಷಣ ಹಿಡಿದುಕೊ

ಭಟ್ಕಳದಿಂದ ಉತ್ತರಾಭಿಮುಖವಾಗಿ ಕಡಲ ದಂಡೆಯನ್ನು ಹಿಡಿದು ಹೊರಟ ಯಾತ್ರಿಕನಿಗೆ ಮೊದಲು ಮುರುಡೇಶ್ವರ, ಬಳಿಕ ಹೊನ್ನಾವರ ತಾಲೂಕಿನ ಗುಣವಂತೆ, ಅದನ್ನು ದಾಟಿದರೆ ಕುಮಟಾ ತಾಲೂಕಿನ ಧಾರೇಶ್ವರ, ಕಡೆಗೆ ಗೋಕರ್ಣ ದೊರೆಯುತ್ತವೆ. ಕಾರವಾರದ ಕಡೆಯ ಸಜ್ಜೇಶ್ವರವನ್ನೂ ಸೇರಿಸಿದರೆ ಪಂಚಕ್ಷೇತ್ರಗಳಾದವು. ಐದಕ್ಕೂ ಹೆಸರು ಬಂದದ್ದು ಒಂದೇ ಕಥೆಯಿಂದ. ರಾವಣನು ಶಿವನಿಂದ ಪಡೆದು ತಂದ ಆತ್ಮಲಿಂಗವು ಗೋಕರ್ಣದಲ್ಲಿ ನೆಲಕ್ಕೆ ತಾಗಿ ನಿಂತುಬಿಟ್ಟಿತು. ಕಿತ್ತೆತ್ತಲು ಹೆಣಗಿದ ಅವನ ಕೈಯ ತಿರುಚಿಗೆ ಅದು ಹಸುವಿನ ಕಿವಿಯ ಆಕಾರವನ್ನು ತಾಳಿತು. ಕೋಪದಿಂದ ಅವನು ಎಸೆದ ಸಂಪುಟ ಸಜ್ಜೇಶ್ವರದಲ್ಲಿಯೂ, ಅದರ ಮುಚ್ಚಳ ಗುಣವಂತೆಯಲ್ಲಿಯೂ, ಕಟ್ಟಿದ ದಾರ ಧಾರೇಶ್ವರದಲ್ಲಿಯೂ, ಹೊದಿಸಿದ ವಸ್ತ್ರ ಮುರುಡೇಶ್ವರದಲ್ಲಿಯೂ ಬಿದ್ದವೆಂದು ಸ್ಥಳಪುರಾಣ. ಮುರುಡೇಶ್ವರದಲ್ಲಿ ಇಂದು 123 ಅಡಿಯ ಶಿವಮೂರ್ತಿ ಕುಳಿತಿದೆ. ಅದರ ಕೆಳಗಿನ ಗುಹೆಯಲ್ಲಿ ಈ ಕಥೆಯನ್ನೇ ಶಿಲ್ಪವಾಗಿ ನಿಲ್ಲಿಸಿದ್ದಾರೆ.

ಈ ದಾರಿಯಲ್ಲಿ ಸಂಚರಿಸುವಾಗಲೆಲ್ಲ ನಮಗೆ ಗ್ರೀಕರ ಅಟ್ಲಾಸನ ನೆನಪಾಗುತ್ತದೆ. ದೇವತೆಗಳೊಡನೆ ಯುದ್ಧಮಾಡಿ ಸೋತ ಟೈಟನ್ನರಲ್ಲಿ ಅವನೊಬ್ಬ. ಆಕಾಶವನ್ನು ಸದಾಕಾಲ ಹೊತ್ತಿರಬೇಕೆಂದು ಜ್ಯೂಸ್ ದೇವನು ಅವನಿಗೆ ದಂಡನೆ ವಿಧಿಸಿದನು. ಅವನು ಹೊತ್ತದ್ದು ಭೂಮಿಯನ್ನೆಂದು ಬಹುಜನರ ತಿಳಿವಳಿಕೆ, ಅದು ತಪ್ಪು. ಭೂಮಿಯನ್ನು ಹೊರುವ ಕೆಲಸ ನಮ್ಮ ಆದಿಶೇಷನದು.

ಈ ಶಿಕ್ಷಿತನ ಹೆಸರನ್ನು ಲೋಕವು ಎಷ್ಟೊಂದು ವಸ್ತುಗಳಿಗೆ ಇಟ್ಟಿದೆ! ಮೊರಾಕ್ಕೊ ದೇಶದ ಪರ್ವತಶ್ರೇಣಿ ಅಟ್ಲಾಸ್. ಅದರಾಚೆಯ ಮಹಾಸಾಗರ ಅಟ್ಲಾಂಟಿಕ್. ತಲೆಬುರುಡೆಯನ್ನು ಹೊತ್ತ ಕತ್ತಿನ ಮೊದಲನೆಯ ಎಲುಬಿಗೆ ವೈದ್ಯರು ಅದೇ ಹೆಸರಿಟ್ಟರು. 1980ರಲ್ಲಿ ಶೋಧಿಸಲ್ಪಟ್ಟ ಶನಿಗ್ರಹದ ಉಪಗ್ರಹವೊಂದಕ್ಕೂ ಅದೇ ಹೆಸರು. ನಾವು ವಿದ್ಯಾರ್ಥಿದಶೆಯಲ್ಲಿ ತುಳಿದ ಸೈಕಲ್ಲೂ ಅಟ್ಲಾಸ್. 1951ರಲ್ಲಿ ಆರಂಭವಾದ ಆ ಸಂಸ್ಥೆ 2020ರಲ್ಲಿ ತನ್ನ ಕೊನೆಯ ಕಾರ್ಖಾನೆಯನ್ನು ನಿಲ್ಲಿಸಿತು. ಮಕ್ಕಳ ಕೈಯ ಭೂಪಟಗಳ ಪುಸ್ತಕದ ಮಾತು ಮಾತ್ರ ಬೇರೆ. 1595ರಲ್ಲಿ ಪ್ರಕಟವಾದ ಮರ್ಕೇಟರನ ಗ್ರಂಥದಿಂದ ಆ ಹೆಸರು ರೂಢಿಗೆ ಬಂದಿತು. ಅವನ ಮನಸ್ಸಿನಲ್ಲಿದ್ದವನು ಹೊರೆಯಾಳಲ್ಲ, ಮೊರಿಟೇನಿಯದ ಅಟ್ಲಾಸನೆಂಬ ಜ್ಞಾನಿ ಅರಸ. ಜನರು ಅರಸನನ್ನು ಮರೆತು ಹೊರೆಯಾಳನ್ನೇ ಉಳಿಸಿಕೊಂಡರು. ದೊಡ್ಡ ರೆಕ್ಕೆಗಳ ಪತಂಗವೊಂದಕ್ಕೂ ಅಟ್ಲಾಸ್ ಎಂದೇ ಹೆಸರು. ದಕ್ಷಿಣ ಭಾರತ, ಶ್ರೀಲಂಕೆಗಳಲ್ಲಿರುವ ಅದರ ಸಮೀಪಬಂಧುವನ್ನು ಶಾಸ್ತ್ರಜ್ಞರು 'ತಪ್ರೊಬಾನಿಸ್' ಎನ್ನುತ್ತಾರೆ. ತಪ್ರೊಬಾನೆ ಎಂದರೆ ಗ್ರೀಕರು ಲಂಕೆಗೆ ಕೊಟ್ಟ ಹೆಸರು. ಹೀಗೆ ಅಟ್ಲಾಸನೂ ರಾವಣನ ಊರೂ ಒಂದು ಪತಂಗಕುಲದಲ್ಲಿ ಕೂಡಿವೆ!

ಹೆಸರಿನ ಈ ಸಂಗತಿಗಿಂತ ಆಳವಾದ ಸಾಮ್ಯ ಕಥೆಗಳಲ್ಲಿಯೇ ಇದೆ. ಹೆರಾಕ್ಲೀಸನೆಂಬ ವೀರನಿಗೆ ಚಿನ್ನದ ಸೇಬುಗಳು ಬೇಕಾಗಿದ್ದವು. ತಾನು ತಂದುಕೊಡುವೆನೆಂದು ಅಟ್ಲಾಸನು ಆಕಾಶವನ್ನು ಅವನ ಹೆಗಲಿಗೆ ದಾಟಿಸಿ ಹೋದನು. ಮರಳಿ ಬಂದಾಗ ಮತ್ತೆ ಹೊರುವ ಮನಸ್ಸಾಗಲಿಲ್ಲ. ಸೇಬುಗಳನ್ನು ತಾನೇ ಒಯ್ದು ಮುಟ್ಟಿಸುವೆನೆಂದನು. ಹೆರಾಕ್ಲೀಸನು ಒಪ್ಪಿದವನಂತೆ ನಟಿಸಿ, "ಹೆಗಲಿಗೆ ಸಿಂಬೆ ಇಟ್ಟುಕೊಳ್ಳುವೆ, ಒಂದು ಕ್ಷಣ ಹಿಡಿದುಕೊ" ಎಂದನು. ಅಟ್ಲಾಸನು ಹಿಡಿದನು, ಇವನು ಸೇಬುಗಳನ್ನೆತ್ತಿಕೊಂಡು ನಡೆದನು. ಗೋಕರ್ಣದಲ್ಲಿಯೂ ಆದದ್ದು ಇದೇ ಅಲ್ಲವೇ? ಸಂಧ್ಯಾವಂದನೆಯ ಹೊತ್ತಾಯಿತೆಂದು ರಾವಣನು ದನಗಾಹಿ ಹುಡುಗನ ವೇಷದ ಗಣಪತಿಗೆ ಲಿಂಗವನ್ನು ಕೊಟ್ಟು, ಒಂದು ಕ್ಷಣ ಹಿಡಿದುಕೊ ಎಂದನು. ಮೂರು ಸಲ ಕೂಗುವೆ, ಬಾರದಿದ್ದರೆ ಕೆಳಗಿಡುವೆನೆಂದು ಹುಡುಗ ಹೇಳಿದನು. ರಾವಣನು ನೀರಿಗಿಳಿದ ಕೂಡಲೇ ಬೆನ್ನುಬೆನ್ನಿಗೆ ಮೂರು ಸಲ ಕೂಗಿ ಕೆಳಗಿಟ್ಟನು.

ಇಬ್ಬರಲ್ಲಿ ಯಾರದು ಹೆಚ್ಚಿನ ವಂಚನೆ? ಹೆರಾಕ್ಲೀಸನು ಹೇಳಿದ್ದು ಶುದ್ಧ ಸುಳ್ಳು. ಆದರೆ ಅಟ್ಲಾಸನೇ ಮೊದಲು ಮಾತಿಗೆ ತಪ್ಪಿದ್ದನು. ಗಣಪತಿಯು ಅಕ್ಷರಶಃ ಮಾತನ್ನು ಉಳಿಸಿಕೊಂಡನು, ಎದುರಿನವನು ಉಳಿಸಿಕೊಳ್ಳಲಾಗದಂತೆ. ಲೋಕಕಲ್ಯಾಣಾರ್ಥವಾಗಿ ಹಾಗೆ ಮಾಡಿದನೆಂದು ನಮ್ಮ ಪೌರಾಣಿಕರು ಸಮಾಧಾನ ಹೇಳುತ್ತಾರೆ. ಈ ಸಮಾಧಾನವನ್ನು ದೇವತೆಗಳ ವಿಷಯದಲ್ಲಿ ಒಪ್ಪಬಹುದು. ಮನುಷ್ಯರ ವಿಷಯದಲ್ಲಿ ಒಪ್ಪಲು ನಮಗೆ ಭಯವಾಗುತ್ತದೆ. ಭಟ್ಕಳದಿಂದ ಕೊಲ್ಲಿ ರಾಷ್ಟ್ರಗಳಿಗೆ, ಕುಮಟೆಯಿಂದ ಮುಂಬಯಿಗೆ ದುಡಿಯಲು ಹೋದವರು ಮನೆಯ ಕೀಲಿಯನ್ನೂ ತೋಟದ ಉಸ್ತುವಾರಿಯನ್ನೂ ದಾಯಾದಿಯ ಕೈಯಲ್ಲಿಟ್ಟು, "ಸ್ವಲ್ಪ ದಿನ ನೋಡಿಕೊ" ಎಂದು ಹೇಳಿಯೇ ಹೋಗುತ್ತಾರೆ. ವರ್ಷಗಳ ಬಳಿಕ ಬಂದಾಗ ಗಡಿಕಲ್ಲು ಸರಿದಿರುತ್ತದೆ. ಕೇಳಿದರೆ, "ಪತ್ರ ಬರೆದಿದ್ದೆ, ನೀನು ಉತ್ತರ ಕೊಡಲಿಲ್ಲ" ಎಂಬ ಮಾತು. ಮೂರು ಸಲ ಕೂಗಿದವನ ನ್ಯಾಯವೇ ಇದು! ಇಂಥ ವ್ಯಾಜ್ಯಗಳನ್ನು ಹೊತ್ತು ನಮ್ಮ ಬಳಿಗೆ ಬಂದವರಲ್ಲಿ ಕಾಗದಪತ್ರ ಸರಿಯಿಲ್ಲದವರು ವಿರಳ, ಸರಿಯಿಲ್ಲದ್ದು ಬೇರೆ.

ರಾವಣನ ತಪ್ಪೂ ಇಲ್ಲದಿಲ್ಲ. ಕೆಳಗಿಡಬಾರದೆಂಬ ಕಟ್ಟಳೆಯೊಡನೆ ಪಡೆದುದನ್ನು ಅಪರಿಚಿತನ ಕೈಗೆ ಕೊಟ್ಟನು. ಲಿಂಗವನ್ನು ಮೈಯಿಂದ ಅಗಲಿಸದೆ ಧರಿಸುವ ಆಚಾರದಲ್ಲಿ ಬೆಳೆದ ನಮಗೆ ಈ ಭಾಗ ಓದುವಾಗ ಎದೆ ಝಲ್ಲೆನ್ನುತ್ತದೆ. ಅದಕ್ಕೇ ಇರಬೇಕು, ಈ ಐದು ಊರುಗಳಲ್ಲಿ ಒಂದಕ್ಕೂ ಅವನ ಹೆಸರಿಲ್ಲ. ಒಲ್ಲದ ಭಾರವನ್ನು ಹೊತ್ತವನ ಹೆಸರು ಶನಿಗ್ರಹದವರೆಗೆ ಹೋಯಿತು. ತಪಸ್ಸಿನಿಂದ ಗಳಿಸಿ ತಾನಾಗಿ ಹೊತ್ತುತಂದವನ ಕೈಜಾರಿದ ದಾರ, ವಸ್ತ್ರಗಳಿಗೆ ಊರು ದೊರೆಯಿತು, ಅವನಿಗೆ ದೊರೆಯಲಿಲ್ಲ. ಇದು ನ್ಯಾಯವೋ ಅಲ್ಲವೋ, ನಾವು ಇನ್ನೂ ನಿರ್ಣಯಿಸಿಲ್ಲ.

ಕೆಲವು ವರ್ಷಗಳ ಹಿಂದೆ ಕುಮಟೆಯ ಸಮೀಪ ಹೆದ್ದಾರಿಯ ಬದಿಯಲ್ಲಿ ವಾಹನ ಕೆಟ್ಟು ನಿಂತಿದ್ದೆವು. ಸಿಹಿ ಈರುಳ್ಳಿಯ ಗೊಂಚಲುಗಳನ್ನು ತೂಗುಹಾಕಿ ಮಾರುವ ಜಾಗ ಅದು. ಹಾಲಕ್ಕಿ ವೃದ್ಧೆಯೊಬ್ಬಳು ತುಂಬಿದ ಬುಟ್ಟಿಯನ್ನು ಎದೆಯವರೆಗೆ ಎತ್ತಿ, ಮೇಲಕ್ಕೆತ್ತಲಾರದೆ, ನಮ್ಮ ಕಾವಿಯನ್ನೂ ಲೆಕ್ಕಿಸದೆ, "ಸ್ವಾಮೀ, ಒಂಚೂರು ಹಿಡ್ಕಣಿ, ಸಿಂಬೆ ಸರಿ ಮಾಡ್ಕಂತೆ" ಎಂದಳು. ಜೊತೆಯಲ್ಲಿದ್ದ ಭಕ್ತರು ಓಡಿಬರುವುದರೊಳಗೆ ಬುಟ್ಟಿ ನಮ್ಮ ಕೈಗೆ ಬಂದಿತ್ತು. ನಾವು ಎಣಿಸಿದ್ದಕ್ಕಿಂತ ಬಹಳ ಭಾರ. ಆಕೆ ಸೆರಗನ್ನು ಸುತ್ತಿ ಸಿಂಬೆಮಾಡಿ, ತಲೆಯ ಮೇಲಿಟ್ಟು, ಎರಡು ಸಲ ಒತ್ತಿ ನೋಡಿ, "ಕೊಡಿ" ಎಂದು ಬುಟ್ಟಿಯನ್ನು ತೆಗೆದುಕೊಂಡು ಹೋದಳು.