ತೊಟ್ಟಿಲಿನ ಲೆಕ್ಕ

ಸಾವಿಗೆ ಜಾತಿಯಿಲ್ಲವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮುಪ್ಪಿನ ಸಾವಿನ ಮಟ್ಟಿಗೆ ಈ ಮಾತು ನಿಜವಿರಬಹುದು. ಹುಟ್ಟಿನ ಬೆನ್ನಿಗೇ ಬರುವ ಸಾವಿನ ಮಟ್ಟಿಗೆ ಇದನ್ನೊಪ್ಪಲು ನನ್ನಿಂದಾಗದು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ ಹುಟ್ಟುವ ಪ್ರತಿ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುವವು ಪರಿಶಿಷ್ಟ ಜಾತಿ, ಪಂಗಡಗಳಲ್ಲಿ ಸುಮಾರು ೪೧. ಮೇಲುಜಾತಿಗಳು ಸೇರಿರುವ ‘ಇತರರ’ಲ್ಲಿ ೨೮. ಈ ಸಾವುಗಳಲ್ಲಿ ಹೆಚ್ಚಿನವು ಹೆರಿಗೆಯಾದ ಮೊದಲ ತಿಂಗಳಲ್ಲೇ ಸಂಭವಿಸುತ್ತವೆ.

ಕುಮಾರ ಪಾರ್ಕಿನ ನನ್ನ ನೆರೆಯವರೊಬ್ಬರಿಗೆ ಈ ಲೆಕ್ಕವೇ ಹಿಡಿಸದು. “ಕಣ್ಣು ಬಿಡದ ಕೂಸಿಗೂ ಜಾತಿಯ ಚೀಟಿ ಅಂಟಿಸಬೇಕೇನ್ರಿ?” ಎನ್ನುತ್ತಾರೆ. ಮಾತಿನಲ್ಲಿ ಸಜ್ಜನಿಕೆಯಿದೆ. ಆದರೆ ಚೀಟಿ ಕಿತ್ತೆಸೆದರೆ ಉಳಿಯುವುದು ೩೫ ಎಂಬ ಸರಾಸರಿ ಮಾತ್ರ. ಯಾರ ಮನೆಯ ತೊಟ್ಟಿಲು ಬರಿದಾಯಿತೆಂದು ಸರಾಸರಿ ಹೇಳುವುದಿಲ್ಲ.

ಇನ್ನು ಕೆಲವರು, ಇದೆಲ್ಲ ರಕ್ತದ ಗುಣವೆಂದು ಕೈತೊಳೆದುಕೊಳ್ಳುತ್ತಾರೆ. ಅಮೆರಿಕದಲ್ಲಿಯೂ ಹೀಗೆನ್ನುವವರಿದ್ದರು. ಅಲ್ಲಿ ಕಪ್ಪು ಜನಾಂಗದ ಶಿಶುಗಳ ಮರಣಪ್ರಮಾಣ ಬಿಳಿಯರದಕ್ಕಿಂತ ಇಮ್ಮಡಿಗೂ ಮಿಗಿಲು. ೧೯೯೭ರಲ್ಲಿ ಡೇವಿಡ್ ಮತ್ತು ಕಾಲಿನ್ಸ್ ಎಂಬ ಇಬ್ಬರು ವೈದ್ಯರು ಇಲಿನಾಯ್ ಸಂಸ್ಥಾನದ ಜನನ ದಾಖಲೆಗಳನ್ನು ಪರಿಶೀಲಿಸಿದರು. ಆಫ್ರಿಕದಲ್ಲಿ ಹುಟ್ಟಿ ಅಲ್ಲಿಗೆ ಬಂದ ಕಪ್ಪು ತಾಯಂದಿರ ಶಿಶುಗಳ ತೂಕ ಬಿಳಿಯರ ಶಿಶುಗಳ ತೂಕಕ್ಕೇ ಹತ್ತಿರವಿತ್ತು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಕಪ್ಪು ತಾಯಂದಿರ ಶಿಶುಗಳು ಅದಕ್ಕಿಂತ ಹಗುರವಾಗಿದ್ದವು. ದೋಷ ರಕ್ತದಲ್ಲಿದ್ದಿದ್ದರೆ ಹೀಗಾಗುತ್ತಿತ್ತೆ?

ನಮ್ಮ ದೇಶದ ಒಂದು ಸಂಗತಿಯೂ ಇದಕ್ಕೆ ಸಾಕ್ಷಿ. ಒಟ್ಟಾರೆ ಹಿಂದೂಗಳಿಗಿಂತ ಬಡವರಾದರೂ ಮುಸಲ್ಮಾನರ ಮನೆಗಳಲ್ಲಿ ಶಿಶುಮರಣ ಕಡಮೆಯೆಂದು ಹಲವು ಸಮೀಕ್ಷೆಗಳು ತೋರಿಸಿದ್ದವು. ಕಾರಣ ಹುಡುಕಿದ ಗೆರುಸೊ ಮತ್ತು ಸ್ಪಿಯರ್ಸ್ ಎಂಬ ವಿದ್ವಾಂಸರು, ೨೦೧೮ರಲ್ಲಿ ಬೊಟ್ಟುಮಾಡಿದ್ದು ಧರ್ಮದ ಕಡೆಗಲ್ಲ, ನೆರೆಹೊರೆಯ ಕಡೆಗೆ. ಅಕ್ಕಪಕ್ಕದವರು ಬಯಲಿಗೆ ಹೋಗದೆ ಶೌಚಾಲಯ ಬಳಸಿದರೆ ಕೂಸು ಉಳಿಯುತ್ತದೆ. ಅದು ಯಾರ ಕೂಸಾದರೂ ಸರಿ.

ಆದ್ದರಿಂದ ಪಟ್ಟಿಯಲ್ಲಿರುವ ಜಾತಿಯ ಹೆಸರನ್ನು ನಾನು ವಿಳಾಸದಂತೆ ಓದುತ್ತೇನೆ. ಎಲ್ಲಿ ಬಸುರಿಗೆ ಹೊಟ್ಟೆತುಂಬ ಊಟವಿಲ್ಲ, ಎಲ್ಲಿ ಚರಂಡಿಯಿಲ್ಲ, ಎಲ್ಲಿಗೆ ದಾದಿ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬುದನ್ನು ಅದು ತಿಳಿಸುತ್ತದೆ. ವಿಳಾಸವನ್ನು ಅಳಿಸುವುದೂ ತಪ್ಪು. ಅದನ್ನೇ ರೋಗವೆನ್ನುವುದೂ ತಪ್ಪು.

ಬೆಳಗಾಗುತ್ತಲೇ ನಮ್ಮ ಬೀದಿಯನ್ನು ಗುಡಿಸಲು ಪೌರಕಾರ್ಮಿಕ ಹೆಂಗಸರು ಬರುತ್ತಾರೆ. ಈ ನಗರದಲ್ಲಿ ಆ ಕೆಲಸ ಮಾಡುವವರಲ್ಲಿ ಬಹುಮಂದಿ ಪರಿಶಿಷ್ಟ ಜಾತಿಯವರು. ನಮ್ಮ ಕೂಸುಗಳಿಗೆ ಚೊಕ್ಕಟವಾದ ನೆರೆಯನ್ನು ಕೊಡುತ್ತಿರುವವರು ಅವರು. ಅವರ ಕೂಸುಗಳಿಗೆ ಅದನ್ನು ಕೊಡುವವರು ಯಾರು? ನಾನು ಹುಟ್ಟಿದ್ದು ೨೮ರ ಪಟ್ಟಿಯಲ್ಲಿ. ಅದರಲ್ಲಿ ನನ್ನ ಪುರುಷಾರ್ಥವೇನೂ ಇಲ್ಲ. ೨೮ಕ್ಕೂ ೪೧ಕ್ಕೂ ನಡುವಣ ಆ ಹದಿಮೂರು ಕೂಸುಗಳ ಸಾವನ್ನು ಹಣೆಬರಹವೆಂದು ನಾವು ಕರೆಯಬಾರದು. ಅದು ನಮ್ಮ ಮೇಲಿರುವ ಸಾಲ.