ಯಂತ್ರಶಿಲ್ಪಿಯೊಬ್ಬನ ಗೃಹಧರ್ಮ



"ಸಂಸಾರದ ಭಾರ ಇಳಿಯಲಿ, ಆಮೇಲೆ ಧರ್ಮವನ್ನು ಕುರಿತು ಯೋಚಿಸೋಣ" ಎನ್ನುವ ಗೃಹಸ್ಥರು ನಮ್ಮಲ್ಲಿ ವಿರಳರಲ್ಲ. ಹೊತ್ತ ಭಾರವೇ ಧರ್ಮಕ್ಷೇತ್ರವಾಗಬಲ್ಲದೆಂಬುದು ಇಂಥವರಿಗೆ ತೋರದು. ಇದಕ್ಕೆ ನಿದರ್ಶನವಾಗಿ ಇಂಗ್ಲೆಂಡಿನ ಕಾಯಕಜೀವಿಯೊಬ್ಬನ ಬಾಳನ್ನು ನಿರೂಪಿಸುತ್ತೇನೆ. ಆತನು ನಮ್ಮ ಮತದವನಲ್ಲ, ಭಾಷೆಯವನೂ ಅಲ್ಲ. ಆದರೆ ನಾವು ಜಾತ್ರೆಗೆ ಏರಿ ಹೋಗುವ ರೈಲುಬಂಡಿಯ ಮಟ್ಟಿಗೆ ನಾವೆಲ್ಲರೂ ಆತನಿಗೆ ಋಣಿಗಳು.

ಜಾರ್ಜ್ ಸ್ಟೀಫನ್‌ಸನ್ 1781ರ ಜೂನ್ 9ರಂದು ನ್ಯೂಕ್ಯಾಸಲ್ ಬಳಿಯ ವೈಲಂ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಕಲ್ಲಿದ್ದಲ ಗಣಿಯ ನೀರೆತ್ತುವ ಯಂತ್ರಕ್ಕೆ ಬೆಂಕಿಯುಣಿಸುವ ಆಳು. ಬಾಲ್ಯದಲ್ಲಿ ಶಾಲೆಯ ಮುಖ ಕಾಣದ ಜಾರ್ಜನು ಹದಿನೆಂಟರ ಪ್ರಾಯದಲ್ಲಿ ರಾತ್ರಿಶಾಲೆಗೆ ಹೋಗಿ ಅಕ್ಷರ ಕಲಿತನು. 1802ರಲ್ಲಿ ವಿವಾಹ, ಮರುವರ್ಷ ಮಗ ರಾಬರ್ಟನ ಜನನ. 1805ರಲ್ಲಿ ಹುಟ್ಟಿದ ಹೆಣ್ಣುಕೂಸು ಮೂರು ವಾರಗಳಲ್ಲಿ ಕಣ್ಮುಚ್ಚಿತು. 1806ರಲ್ಲಿ ಪತ್ನಿಯೂ ಕ್ಷಯರೋಗದಿಂದ ಅಗಲಿದಳು. ಜೀವನೋಪಾಯಕ್ಕಾಗಿ ಸ್ಕಾಟ್ಲೆಂಡಿಗೆ ಕಾಲ್ನಡಿಗೆಯಲ್ಲಿ ಹೋದವನು ಮರಳಿ ಬರುವಷ್ಟರಲ್ಲಿ, ಯಂತ್ರದೊಳಗೆ ದುರಸ್ತಿ ಮಾಡುತ್ತಿದ್ದ ತಂದೆಯ ಮುಖಕ್ಕೆ ಉಗಿ ನುಗ್ಗಿ ಕಣ್ಣೆರಡೂ ಹೋಗಿದ್ದವು.

ವೈರಾಗ್ಯವುಂಟಾಗಲು ಇನ್ನೇನು ಬೇಕು? ಆತನು ಅಮೆರಿಕಕ್ಕೆ ಹೊರಟುಹೋಗುವ ಯೋಚನೆಯನ್ನೂ ಮಾಡಿದ್ದುಂಟು. ಆದರೆ ಹೋಗಲಿಲ್ಲ. ಕೂಡಿಟ್ಟ ಹಣದಿಂದ ತಂದೆಯ ಸಾಲವನ್ನು ತೀರಿಸಿದನು. ವೃದ್ಧ ತಂದೆತಾಯಿಗಳನ್ನು ಕಿಲ್ಲಿಂಗ್‌ವರ್ತಿಗೆ ಕರೆತಂದು ಸಾಕಿದನು. ತಾಯಿಯಿಲ್ಲದ ಮಗುವನ್ನು ಆತನ ತಂಗಿ ಸಲಹಿದಳು. ಹಗಲೆಲ್ಲ ಗಣಿಯ ಯಂತ್ರದ ಬಳಿ ದುಡಿದು, ರಾತ್ರಿ ಊರವರ ಗಡಿಯಾರಗಳನ್ನು ಸರಿಪಡಿಸುತ್ತ, ಜೋಡುಗಳನ್ನು ಹೊಲಿಯುತ್ತ ಮಗನ ವಿದ್ಯೆಗೆಂದು ಕಾಸು ಕೂಡಿಸಿದನು. ಜೋಡು ಹೊಲಿದುದನ್ನು ಹೀನವೆಂದು ಬಗೆಯುವವರು ಕಾಯಕವೆಂಬ ನುಡಿಯನ್ನು ಬಾಯಲ್ಲಿ ಆಡದಿರುವುದೇ ಲೇಸು.

ಮಗನಿಗೊಂದು ಕತ್ತೆಯನ್ನು ಕೊಂಡುಕೊಟ್ಟು, ಅದರ ಮೇಲೆ ನ್ಯೂಕ್ಯಾಸಲ್ಲಿನ ಶಾಲೆಗೆ ಕಳುಹಿಸಿದನು. ಸಂಜೆ ಮಗನು ಪುಸ್ತಕಭಂಡಾರದಿಂದ ತಂದ ಗ್ರಂಥಗಳನ್ನು ಓದಿದರೆ ತಂದೆ ಶಿಷ್ಯನಂತೆ ಕುಳಿತು ಕೇಳುವನು. ಮಗನಿಂದ ಕಲಿಯಲು ನಾಚದ ತಂದೆ ಎಷ್ಟು ಮನೆಗಳಲ್ಲಿದ್ದಾನೆ, ಯೋಚಿಸಿರಿ! 1816ರಲ್ಲಿ ಇಬ್ಬರೂ ಕೂಡಿ ಮನೆಯ ಬಾಗಿಲ ಮೇಲೆ ನೆರಳುಗಡಿಯಾರವೊಂದನ್ನು ನಿಲ್ಲಿಸಿದರು.

ಉಗಿಬಂಡಿಯ ಕೀರ್ತಿಯನ್ನು ಲೋಕವೇ ಬಲ್ಲದು. 1825ರಲ್ಲಿ ಸ್ಟಾಕ್‌ಟನ್–ಡಾರ್ಲಿಂಗ್‌ಟನ್, 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗಗಳು ತೆರೆದವು. ಆದರೆ ನನ್ನ ದೃಷ್ಟಿಗೆ 1824 ದೊಡ್ಡದು. ಮಗನ ನೆರವು ಅತ್ಯಂತ ಬೇಕಾಗಿದ್ದ ಆ ಕಾಲದಲ್ಲಿ, ಆತನು ದಕ್ಷಿಣ ಅಮೆರಿಕದ ಗಣಿಗಳಿಗೆ ಹೋಗುತ್ತೇನೆಂದಾಗ, ತಂದೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿ ಕಳುಹಿಸಿದನು. ಮರುವರ್ಷ ಪಾರ್ಲಿಮೆಂಟಿನ ವಿಚಾರಣೆಯಲ್ಲಿ ವಕೀಲರು ಆತನ ಅಳತೆಯ ತಪ್ಪುಗಳನ್ನು ಎತ್ತಿ ಹೀಯಾಳಿಸುವಾಗ ಮಗನು ಪಕ್ಕದಲ್ಲಿರಲಿಲ್ಲ. ಮಕ್ಕಳನ್ನು ಸಾಕುವುದು ಮೋಹದಿಂದಲೂ ನಡೆದೀತು. ಬೇಕಾದ ಹೊತ್ತಿನಲ್ಲಿ ಬಿಟ್ಟುಕೊಡುವುದು ಮೋಹದಿಂದ ನಡೆಯದು. 1827ರಲ್ಲಿ ರಾಬರ್ಟನು ಹಿಂದಿರುಗಿದನು. 1829ರಲ್ಲಿ ಆತನ ಕಾರ್ಖಾನೆಯಲ್ಲಿ ಸಿದ್ಧವಾದ 'ರಾಕೆಟ್' ಬಂಡಿ ರೇನ್‌ಹಿಲ್ ಸ್ಪರ್ಧೆಯಲ್ಲಿ 500 ಪೌಂಡುಗಳ ಬಹುಮಾನವನ್ನು ಗೆದ್ದಿತು.

ಕೊನೆಗಾಲದಲ್ಲಿ ಜಾರ್ಜನು ಉದ್ಯೋಗದ ಬಹುಭಾಗವನ್ನು ಮಗನಿಗೊಪ್ಪಿಸಿ ಚೆಸ್ಟರ್‌ಫೀಲ್ಡ್ ಬಳಿಯ ಟ್ಯಾಪ್ಟನ್ ಮನೆಯಲ್ಲಿ ನೆಲೆಸಿದನು. ಅಲ್ಲಿ ಅನಾನಸು, ಕರಬೂಜಗಳನ್ನು ಬೆಳೆಸಿದನು. ಡೊಂಕು ಸೌತೆಕಾಯಿಯನ್ನು ನೆಟ್ಟಗೆ ಬೆಳೆಸಲು ಗಾಜಿನ ಕೊಳವೆಗಳನ್ನೇ ಮಾಡಿಸಿದನಂತೆ! ಯಂತ್ರವನ್ನು ಬಿಟ್ಟರೂ ಯಂತ್ರಶಿಲ್ಪಿಯ ಬುದ್ಧಿ ಬಿಡಲಿಲ್ಲ. ಸರದಾರ ಪದವಿ ತನಗೆ ಬೇಡವೆಂದನು. 1848ರ ಆಗಸ್ಟ್ 12ರಂದು, ಅರುವತ್ತೇಳರ ವಯಸ್ಸಿನಲ್ಲಿ, ಆ ಮನೆಯಲ್ಲಿಯೇ ದೇಹವಿಟ್ಟನು. ಆಗ ರಾಬರ್ಟನು ವೇಲ್ಸಿನ ಮೆನಾಯ್ ಜಲಸಂಧಿಗೆ ಕಬ್ಬಿಣದ ಸೇತುವೆಯನ್ನು ಕಟ್ಟಿಸುತ್ತಿದ್ದನು. 1850ರಲ್ಲಿ ಅದರ ಮೂಲಕ ಬಂಡಿಗಳು ಓಡಿದವು.